ಕರಗದ ನಾರು

ಹಗ್ಗ ಹರಿಯಲಿಲ್ಲ. ಹಗ್ಗ ಹರಿಯುತ್ತದೆಯೇ ಎಂದು ನೋಡುತ್ತ ಯಂತ್ರದ ಪಕ್ಕದಲ್ಲಿ ನಿಂತಿದ್ದ ಮನುಷ್ಯ ಬಿದ್ದ.

ಅವನ ತಂಗಿ ಅದನ್ನು ಕಣ್ಣಾರೆ ಕಂಡಳು. ಅವಳು ಹಗ್ಗದ ಕಾರ್ಖಾನೆಯ ಉದ್ದನೆಯ ಶೆಡ್ಡಿನಲ್ಲಿ ಗೋಡೆಬದಿಯ ಬೆಂಚಿನ ಮೇಲೆ ಕುಳಿತು, ಹಗ್ಗದ ತುದಿಯ ಎಳೆಗಳನ್ನು ಬಿಡಿಸಿ, ಮತ್ತೆ ಹಗ್ಗದೊಳಕ್ಕೇ ಹೆಣೆದು ಕುಣಿಕೆ ಮಾಡುತ್ತಿದ್ದಳು. ಅವಳ ಎದುರಿಗೆ ಅಣ್ಣ, ಹಗ್ಗ ಎಳೆದು ನೋಡುವ ಯಂತ್ರದ ಚಕ್ರ ತಿರುಗಿಸುತ್ತಿದ್ದ. ಹೊಸ ಹಗ್ಗದ ಎರಡು ತುದಿಗಳನ್ನೂ ಕೊಕ್ಕೆಗೆ ಸಿಕ್ಕಿಸಿ, ಗೊತ್ತಾದ ಭಾರ ಬರುವವರೆಗೆ ಎಳೆದು, ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟು ಕಿವಿಗೊಡುವುದು ಅವನ ಕೆಲಸ. ಸೋಲುವ ಹಗ್ಗ ಹರಿಯುವ ಮೊದಲು ಒಳಗೊಳಗೇ ಚಟಚಟ ಎನ್ನುತ್ತದೆ. ಆ ಸದ್ದು ಕೇಳಿದೊಡನೆ ದೂರ ಸರಿಯಬೇಕು. ಹರಿದ ಹಗ್ಗದ ಏಟಿಗೆ ಮೂಳೆ ನಿಲ್ಲುವುದಿಲ್ಲ.

ಆದ್ದರಿಂದ ಅವನು ಬಿದ್ದಾಗ ಅವಳು ಮೊದಲು ನೋಡಿದ್ದು ಹಗ್ಗವನ್ನು. ಅದು ಕೊಕ್ಕೆಯಿಂದ ಕೊಕ್ಕೆಗೆ ನೆಟ್ಟಗೆ ಬಿಗಿದುಕೊಂಡಿತ್ತು. ಒಂದು ಎಳೆಯೂ ಎದ್ದಿರಲಿಲ್ಲ. ಅದರ ಕೆಳಗೆ ಅಣ್ಣ ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡು ಮಗ್ಗುಲಾಗಿ ಬಿದ್ದಿದ್ದ.

ಅಪ್ಪ ಶೆಡ್ಡಿನ ಆ ತುದಿಯಿಂದ ಓಡಿಬಂದರು. "ಹಗ್ಗ ತಾಗಿತಾ?"

"ಇಲ್ಲಪ್ಪ. ಹಗ್ಗ ಅಲ್ಲೇ ಇದೆ."

"ಮತ್ತೆ?"

ಅಣ್ಣ ಹಸಿರು ಬಣ್ಣದ ನೀರನ್ನು ಕಾರಿಕೊಂಡು, "ಏನಿಲ್ಲ, ಏನಿಲ್ಲ" ಎಂದ. ಕೂಲಿಯವರು ಅವನನ್ನು ಎತ್ತಿ, ಹಗ್ಗದ ಸುರುಳಿ ಸಾಗಿಸುವ ವ್ಯಾನಿನಲ್ಲಿ ಮಲಗಿಸಿದರು. ಅಡುಗೆಮನೆಯಿಂದ ಹಾಗೆಯೇ ಬಂದ ಅತ್ತಿಗೆ ಗಂಡನ ಹೊಟ್ಟೆಯ ಮೇಲೆ ಕೈಯಿಟ್ಟವಳು ಬಿಸಿಯ ಪಾತ್ರೆ ಮುಟ್ಟಿದಂತೆ ಕೈ ಹಿಂದಕ್ಕೆ ತೆಗೆದಳು. ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು.

"ಇವರಿಗೆ ಹೊಟ್ಟೆನೋವೇ ಬರಲ್ಲ," ಎಂದಳು ಅತ್ತಿಗೆ, ಯಾರೂ ಕೇಳದಿದ್ದರೂ.

ಆ ಮನೆಯಲ್ಲಿ ರೋಗಿ ಯಾರೆಂಬುದು ಎಂದೋ ತೀರ್ಮಾನವಾಗಿತ್ತು. ರೋಗಿ ಎಂದರೆ ತಂಗಿ. ಅವಳ ದೊಡ್ಡ ಕರುಳಿನಲ್ಲಿ ಉರಿಯೂತ. ರಕ್ತ ಹೋಗುವುದು, ಸಂಕಟ, ಮೈ ಸೊರಗುವುದು. ಅಣ್ಣ ಆರೋಗ್ಯವಂತ. ಹುರಿ ಹೊಸೆಯುವ ಮನೆಯ ಮಗನಾದ್ದರಿಂದ ಕೂಲಿಯವರು ಅವನನ್ನು ಹುರಿಯಾಳು ಎಂದು ಕರೆಯುತ್ತಿದ್ದರು. ಆ ಹೆಸರಿಗೆ ಅವನು ಹೂಂಗುಟ್ಟುತ್ತಿದ್ದ. ತಂಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಮಾತ್ರೆ ತರುವುದು, ಅವಳು ಅತ್ತರೆ ನಗಿಸುವುದು ಅವನ ಪಾಲು.

ಮಾತ್ರೆಗಳಿಂದ ಅವಳ ಉರಿಯೂತ ತಣ್ಣಗಾದ ಮೇಲೆ ಕರುಳಿನ ಡಾಕ್ಟರಮ್ಮ ಒಂದು ಡಬ್ಬಿ ಕೊಟ್ಟಿದ್ದರು. ಆ ದಿನವೂ ಅಣ್ಣ ಪಕ್ಕದ ಕುರ್ಚಿಯಲ್ಲಿದ್ದ.

"ಮಾತ್ರೆ ಬಿಡೋ ಹಾಗಿಲ್ಲ. ಅದರ ಜೊತೆಗೆ ಇದು," ಎಂದಿದ್ದರು ಡಾಕ್ಟರಮ್ಮ. "ಪ್ರಿಬಯಾಟಿಕ್ ನಾರು. ಇದನ್ನ ನಿಮ್ಮ ಹೊಟ್ಟೆ ಅರಗಿಸಲ್ಲ. ದೊಡ್ಡ ಕರುಳಲ್ಲಿರೋ ಸೂಕ್ಷ್ಮಜೀವಿಗಳು ತಿಂತವೆ. ತಿಂದು ಅವು ಬಿಡೋ ಆಮ್ಲ ಕರುಳಿನ ಒಳಪದರಕ್ಕೆ ಆಹಾರ."

"ಅಂದ್ರೆ ನಾವು ತಂದಿಟ್ಟು ಬೇರೆ ಯಾರದೋ ಸಂಸಾರ ಸಾಕಬೇಕು," ಎಂದ ಅಣ್ಣ.

"ಸಾಕಿದ್ರೆ ಬಾಡಿಗೆ ಸರಿಯಾಗಿ ಕೊಡ್ತಾರೆ."

"ಒಂದು ಚಮಚದ ಬದಲು ನಾಲ್ಕು ಹಾಕಿದ್ರೆ ಬೇಗ ವಾಸಿ ಆಗುತ್ತಾ ಮೇಡಂ?"

"ಆಗಲ್ಲ. ಹೊಟ್ಟೆ ಉಬ್ಬರಿಸುತ್ತೆ. ಎಲ್ಲರಿಗೂ ಒಗ್ಗುತ್ತೆ ಅಂತಲೂ ಇಲ್ಲ. ಕೆಲವರಿಗೆ ಗುಣ ಕಂಡಿದೆ, ಕೆಲವರಿಗೆ ಕಂಡಿಲ್ಲ, ಕೆಲವರಿಗೆ ಕೆಟ್ಟದ್ದೂ ಉಂಟು. ಅದಕ್ಕೇ ಸ್ವಲ್ಪ ಸ್ವಲ್ಪ, ನೋಡಿ ನೋಡಿ ಕೊಡೋದು." ಅನಂತರ ಅವರು, ಎಲ್ಲ ರೋಗಿಗಳನ್ನೂ ಕೇಳುವಂತೆ, ಕೇಳಿದ್ದರು: "ಮನೇಲಿ ಬೇರೆ ಯಾರಿಗಾದ್ರೂ ಹೊಟ್ಟೆ ತೊಂದರೆ?"

ತಂಗಿ ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿದ್ದ: "ಇಲ್ಲ ಮೇಡಂ. ನಾವೆಲ್ಲ ಕಲ್ಲು ತಿಂದು ಕರಗಿಸೋ ಜನ."

ಡಾಕ್ಟರಮ್ಮ ನಕ್ಕಿದ್ದರು. ತಂಗಿಯೂ ನಕ್ಕಿದ್ದಳು.

ಮನೆಗೆ ಬಂದು ಡಬ್ಬಿ ತೆರೆದಾಗ ಅಪ್ಪ ಕನ್ನಡಕ ಹಾಕಿಕೊಂಡು ಬಂದಿದ್ದರು. ಅವರ ತಂದೆ, ಅಜ್ಜ ಎಲ್ಲರೂ ನಾರು ಹಿಕ್ಕಿ ಹೊಸೆದವರು. "ನಾರು ತಿರುಚಿ ಬದುಕಿದ್ದೀವಿ, ತಿಂದಿರಲಿಲ್ಲ," ಎಂದರು. ಅವಳು ಚಮಚದ ಪುಡಿಯನ್ನು ಲೋಟದ ನೀರಿಗೆ ಹಾಕಿ ಕಲಕಿದಳು. ಪುಡಿ ಕಾಣದಾಯಿತು. ನೀರು ನೀರಾಗಿಯೇ ಉಳಿಯಿತು.

"ಎಲ್ಲಿ ನಾರು?" ಎಂದರು ಅಪ್ಪ.

ಅಣ್ಣ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದ. "ನೀರಲ್ಲಿ ಕರಗೋದು ನಾರಾ? ಇದು ಸಕ್ಕರೆಯ ದಾಯಾದಿ."

ಅದು ಬರೀ ತಮಾಷೆಯ ಮಾತಾಗಿರಲಿಲ್ಲ. ಕಾರ್ಖಾನೆಗೆ ಹೊಸ ನಾರಿನ ಕಂತೆ ಬಂದರೆ ಅವರು ಮಾಡುವ ಮೊದಲ ಪರೀಕ್ಷೆ ಅದೇ: ಒಂದು ಹಿಡಿ ಕಿತ್ತು ನೀರಿನಲ್ಲಿ ಅದ್ದುವುದು. ಒಳ್ಳೆಯ ನಾರು ನೀರು ಕುಡಿದು ಉಬ್ಬುತ್ತದೆ, ಉಬ್ಬಿ ಬಿಗಿಯುತ್ತದೆ. ನೆನೆದ ಹಗ್ಗದ ಗಂಟನ್ನು ಬಿಚ್ಚಲು ಹಲ್ಲೇ ಬೇಕು. ಕೆಟ್ಟ ನಾರು ಮೆತ್ತಗಾಗಿ ಕೈಗೆ ಅಂಟುತ್ತದೆ. ಕರಗಿ ಇಲ್ಲವಾಗುವ ನಾರನ್ನು ಆ ಮನೆಯವರು ಕಂಡಿರಲಿಲ್ಲ.

"ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯ್ತಂತೆ," ಎಂದಳು ಅತ್ತಿಗೆ. "ಇಲ್ಲಿ ನಾರು ಒಂದೇ ಹೊರಟುಹೋಯ್ತು."

ಮೊದಲ ಕೆಲವು ದಿನ ತಂಗಿಗೆ ಹೊಟ್ಟೆಯಲ್ಲಿ ವಾಯು ಹೆಚ್ಚಾಯಿತು. ಅಣ್ಣ ಮೂಗು ಮುಚ್ಚಿಕೊಂಡು ಕಿಟಕಿ ತೆರೆದು, "ನಾರು ಅಂತ ಹೆಸರಿಟ್ಟ ಮೇಲೆ ನಾರದೆ ಇರುತ್ತಾ?" ಎಂದಿದ್ದ. ಆಮೇಲೆ ಹೊಟ್ಟೆ ಒಗ್ಗಿತು. ಅವಳ ಕೆನ್ನೆ ತುಂಬಿತು. ರಕ್ತ ಮತ್ತೆ ಕಾಣಿಸಲಿಲ್ಲ. ಮಾತ್ರೆಯಿಂದಲೋ ಪುಡಿಯಿಂದಲೋ ಎರಡರಿಂದಲೋ ಎಂದು ಡಾಕ್ಟರಮ್ಮ ಹೇಳಲಿಲ್ಲ. ಮನೆಯವರು ಪುಡಿಯಿಂದ ಎಂದೇ ನಂಬಿದರು. ಮಾತ್ರೆ ಹಳೆಯದು, ಪುಡಿ ಹೊಸದು.

ಯಂತ್ರದ ಬಳಿ ಬಿದ್ದ ದಿನ ಆಸ್ಪತ್ರೆಯಲ್ಲಿ ಅಣ್ಣನ ಮೂಗಿನ ಮೂಲಕ ಹೊಟ್ಟೆಗೆ ನಳಿಕೆ ಇಳಿಸಿ, ಹೊಟ್ಟೆಯ ಚಿತ್ರ ತೆಗೆದರು. ಶಸ್ತ್ರಚಿಕಿತ್ಸೆಯ ಡಾಕ್ಟರು ಎತ್ತರದ ಮನುಷ್ಯ, ಮಾತು ಕಡಿಮೆ. ಕರುಳಿನ ಡಾಕ್ಟರಮ್ಮನೂ ಬಂದು ಚಿತ್ರದ ಮುಂದೆ ನಿಂತರು. ಇಬ್ಬರೂ ಒಂದೇ ಜಾಗಕ್ಕೆ ಬೆರಳಿಟ್ಟರು.

"ಎಷ್ಟು ವರ್ಷದಿಂದ ಇವರಿಗೆ ನೋವು?" ಎಂದರು ಡಾಕ್ಟರು.

"ಬೆಳಗ್ಗೆಯಿಂದ," ಎಂದರು ಅಪ್ಪ.

"ಇದು ಬೆಳಗ್ಗೆಯದಲ್ಲ. ಸಣ್ಣ ಕರುಳಿನ ಕೊನೆ ಊದಿ, ಮಾಗಿ, ಮತ್ತೆ ಊದಿ, ಗೋಡೆ ದಪ್ಪವಾಗಿದೆ. ದಾರಿ ಮುಚ್ಚಿಹೋಗ್ತಾ ಬಂದಿದೆ. ಇದಕ್ಕೆ ವರ್ಷಗಳು ಬೇಕು."

ಡಾಕ್ಟರಮ್ಮ ತಂಗಿಯ ಕಡೆ ತಿರುಗಿದರು. "ನಿಮ್ಮದು ದೊಡ್ಡ ಕರುಳು. ಇವರದು ಸಣ್ಣ ಕರುಳು, ಕ್ರೋನ್ಸ್ ಅಂತ ಅದಕ್ಕೆ. ಎರಡೂ ಒಂದೇ ಬಳಗದ ಕಾಯಿಲೆಗಳು. ಅವತ್ತು ನಾನು ಕೇಳಿದ್ದೆ."

ತಂಗಿಗೆ ಅಣ್ಣನ ಮಾತು ನೆನಪಾಯಿತು. ಕಲ್ಲು ತಿಂದು ಕರಗಿಸೋ ಜನ. ಅವಳು ಆ ಮಾತಿಗೆ ನಕ್ಕಿದ್ದಳು.

ಅತ್ತಿಗೆ ಗೋಡೆಗೆ ಒರಗಿದಳು. "ನನ್ನ ಪಕ್ಕದಲ್ಲೇ ಕೂತು ಊಟ ಮಾಡ್ತಾರೆ. ನನ್ನ ಪಕ್ಕದಲ್ಲೇ ಮಲಗ್ತಾರೆ. ಒಂದು ದಿನ ಹೊಟ್ಟೆ ಹಿಡ್ಕೊಂಡಿದ್ದು ಕಂಡಿಲ್ಲ ನಾನು." ಅವಳು ಡಾಕ್ಟರನ್ನು ಗದರುವಂತೆ ನೋಡಿದಳು. "ಆ ಚಿತ್ರ ಬೇರೆಯವರದ್ದಿರಬೇಕು."

"ಇವರದ್ದೇ ಅಮ್ಮ."

"ಸೊಂಟದ ಪಟ್ಟಿಗೆ ಹೊಸ ತೂತು ಹಾಕಿಸ್ಕೊಂಡಿದ್ರು," ಎಂದಳು ಅತ್ತಿಗೆ, ಮತ್ತೆ ಚಿತ್ರದ ಕಡೆ ತಿರುಗಿ. "ನಾನು, ಏನ್ರೀ ಹುಡುಗನ ಹಾಗೆ ಸಣ್ಣ ಆಗ್ತಿದ್ದೀರಿ ಅಂತ ಹಾಸ್ಯ ಮಾಡಿದ್ದೆ."

ಡಾಕ್ಟರು ವಿಷಯ ತಿಳಿಸಿದರು. ಊತದಿಂದ ಮಾತ್ರ ದಾರಿ ಮುಚ್ಚಿದ್ದರೆ ಔಷಧಕ್ಕೆ ಅದು ಇಳಿದು ತೆರೆಯಬಹುದು, ಕಾಯಬಹುದು. ಆದರೆ ಚಿತ್ರದಲ್ಲಿ ಕಿರಿದಾದ ಜಾಗದ ಮೇಲೆ ಏನೋ ಹತ್ತಿ ತುಂಬಿದಂತೆ ತುಂಬಿದೆ. ಅದು ಅಲ್ಲಾಡದ ವಸ್ತುವಾದರೆ ಕಾಯುವುದು ತಪ್ಪು. ಇಂಥ ಕರುಳನ್ನು ಅವಸರದಲ್ಲಿ ಕೊಯ್ಯುವುದೂ ಸುಲಭವಲ್ಲ.

"ಏನು ತಿಂದಿದ್ದಾರೆ ಅಂತ ಗೊತ್ತಾಗ್ಬೇಕು. ಕೇಳಿದ್ರೆ, ಮನೆ ಊಟ ಅಂತಾರೆ, ಅಷ್ಟೇ."

"ಕಾದು, ಕರುಳು ಹರಿದರೆ?" ಎಂದರು ಅಪ್ಪ. ಅವರಿಗೆ ಬೇರೆ ಮಾತು ತಿಳಿಯಲಿಲ್ಲ.

"ಹರಿದರೆ ನಮ್ಮ ಕೈಮೀರುತ್ತೆ."

ತಂಗಿ ಹಾಸಿಗೆಯ ಬಳಿ ಹೋದಳು. ಅಣ್ಣ ಕಣ್ಣು ತೆರೆದಿದ್ದ. ಅವಳನ್ನು ನೋಡಿ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಹುಟ್ಟಿದಂದಿನಿಂದ ಅವನು ಅವಳಿಂದ ಮುಖ ತಿರುಗಿಸಿದ್ದನ್ನು ಅವಳು ಕಂಡಿರಲಿಲ್ಲ. ಆಗ ಅವಳಿಗೆ ಆ ದಿನದ ಇನ್ನೊಂದು ಪ್ರಶ್ನೆ ನೆನಪಾಯಿತು. ಒಂದು ಚಮಚದ ಬದಲು ನಾಲ್ಕು ಹಾಕಿದ್ರೆ. ಅದನ್ನು ಅವನು ತಂಗಿಗಾಗಿ ಕೇಳಿದನೆಂದು ಅವಳು ತಿಳಿದಿದ್ದಳು.

ಅವಳು ವ್ಯಾನು ಹತ್ತಿ ಕಾರ್ಖಾನೆಗೆ ಮರಳಿದಳು.

ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಕೂಲಿಯವರು ಬಾಗಿಲು ಎಳೆದುಕೊಂಡು ಹೊರಟಿದ್ದರು. ಮಧ್ಯಾಹ್ನದ ಬಿಸಿಲು ತಗಡಿನ ಸಂದಿಗಳಿಂದ ಇಳಿದು ನಾರಿನ ಧೂಳಿನಲ್ಲಿ ನಿಂತಿತ್ತು. ಎಳೆಯುವ ಯಂತ್ರದಲ್ಲಿ ಬೆಳಗಿನ ಹಗ್ಗ ಇನ್ನೂ ಬಿಗಿದೇ ಇತ್ತು. ಗಾಬರಿಯಲ್ಲಿ ಅದರ ಭಾರ ಇಳಿಸಲು ಯಾರಿಗೂ ತೋಚಿರಲಿಲ್ಲ. ಅವಳು ಅದರ ಪಕ್ಕದಲ್ಲಿ ಗೋಡೆಗೆ ಬೆನ್ನು ತಾಗಿಸಿಕೊಂಡು, ಉಸಿರು ಬಿಗಿಹಿಡಿದು ದಾಟಿದಳು. ಹಗ್ಗ ಸದ್ದು ಮಾಡಲಿಲ್ಲ.

ಯಂತ್ರದ ಹಿಂದೆ ಅಣ್ಣನ ಗೋಡೆಬೀರು. ಬೀಗವಿರಲಿಲ್ಲ, ಅವನ ಬೀರುವನ್ನು ಯಾರೂ ತೆರೆಯುವವರಿರಲಿಲ್ಲ. ಕೆಲಸದ ಅಂಗಿ, ಎರಡು ಕೈಗವಸು, ಮನೆಯಿಂದ ಬೆಳಗ್ಗೆ ಅತ್ತಿಗೆ ತುಂಬಿ ಕೊಟ್ಟ ನೀರಿನ ಬಾಟಲಿ. ಬಾಟಲಿ ಕತ್ತಿನವರೆಗೂ ತುಂಬಿಯೇ ಇತ್ತು. ಹಿಂದೆ, ಹಗ್ಗಕ್ಕೆ ಬಳಿಯುವ ಮೇಣದ ಡಬ್ಬಿ. ಡಬ್ಬಿ ಹಗುರವಾಗಿತ್ತು. ಅದರೊಳಗೆ ಮೇಣವಿರಲಿಲ್ಲ. ಅಂಗಡಿಯ ಪೊಟ್ಟಣವಿತ್ತು, ಯಾವುದೋ ಬೀಜದ ಹೊಟ್ಟು, ಮರದ ಪುಡಿಯಂತೆ ತೆಳ್ಳಗೆ. ಪೊಟ್ಟಣದ ಮೇಲೆ ನಗುವ ಒಂದು ಸಂಸಾರದ ಚಿತ್ರ. ಅದರ ಮೇಲೆ ದೊಡ್ಡಕ್ಷರದಲ್ಲಿ, ನಾರು. ಕೆಳಗೆ ಚಿಕ್ಕಕ್ಷರದಲ್ಲಿ, ಧಾರಾಳ ನೀರಿನೊಡನೆ ಸೇವಿಸಿ. ಅಳತೆಗೆ ಚಮಚವಿರಲಿಲ್ಲ. ಮೇಣ ಎತ್ತುವ ಸೌಟು ಇತ್ತು.

ಪಕ್ಕದಲ್ಲಿ ಒಂದು ಸ್ಟೀಲಿನ ಲೋಟ. ತಳದಲ್ಲಿ ಆ ಹೊಟ್ಟು ಕಲಸಿದ ನೀರು, ಕುಡಿದು ಬಿಟ್ಟ ಅರ್ಧ. ಅವಳು ಅದನ್ನು ಬಗ್ಗಿಸಿದಳು. ಬೀಳಲಿಲ್ಲ. ಪೂರ್ತಿ ತಲೆಕೆಳಗು ಮಾಡಿದಳು. ಲೋಟದೊಳಗಿನದು ಕದಲಲಿಲ್ಲ. ಬೆರಳು ಒತ್ತಿದರೆ ಬೆರಳನ್ನೇ ಹಿಂದಕ್ಕೆ ತಳ್ಳಿತು.

ಅವಳು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟಳು. ಅವಳ ಡಬ್ಬಿಯನ್ನು ಅವನು ಮುಟ್ಟಿರಲಿಲ್ಲ. ಅವಳ ಪುಡಿ ನೀರಿನ ಪರೀಕ್ಷೆಯಲ್ಲಿ ಸೋತಿತ್ತು. ಅವನು ಅಂಗಡಿಗೆ ಹೋಗಿ, ತನ್ನ ಕಸುಬು ಕಲಿಸಿದಂತೆ, ನೀರು ಕುಡಿದು ಉಬ್ಬುವ, ಉಬ್ಬಿ ಬಿಗಿಯುವ ನಾರನ್ನು ಆರಿಸಿ ತಂದಿದ್ದ.

ಆಸ್ಪತ್ರೆಯಲ್ಲಿ ಅವಳು ಏನನ್ನೂ ವಿವರಿಸಲಿಲ್ಲ. ಡಾಕ್ಟರ ಮೇಜಿನ ಮೇಲೆ ಲೋಟ ಎತ್ತಿ ಹಿಡಿದು ತಲೆಕೆಳಗು ಮಾಡಿದಳು.

ಡಾಕ್ಟರು ಲೋಟವನ್ನು ನೋಡಿದರು, ಚಿತ್ರವನ್ನು ನೋಡಿದರು. "ಥಿಯೇಟರ್ ಸಿದ್ಧ ಮಾಡಿ," ಎಂದು ಹಿಂದೆ ನಿಂತ ನರ್ಸಿಗೆ ಹೇಳಿದರು. "ಈಗಲೇ."

"ವಿಷವಾ ಅದು?" ಎಂದರು ಅಪ್ಪ.

"ಅಲ್ಲ ಯಜಮಾನರೇ," ಎಂದರು ಡಾಕ್ಟರಮ್ಮ. "ಒಳ್ಳೇದೇ. ದಾರಿ ಇದ್ದವರಿಗೆ."

"ನಾನು ನಾರು ತಿಂದು ಗುಣ ಆಗಿದ್ದು ನೋಡಿ ಅವನೂ..." ಎಂದಳು ತಂಗಿ.

"ನಿಮ್ಮದು ಬೇರೆ ಪುಡಿ, ಇದು ಬೇರೆ. ನಿಮ್ಮ ಕರುಳು ಬೇರೆ, ಅವರದು ಬೇರೆ. ಹೆಸರು ಮಾತ್ರ ಒಂದೇ ಆಗ್ಬಿಟ್ಟಿದೆ."

ತಳ್ಳುಗಾಡಿ ಬರುವ ಮೊದಲು ತಂಗಿಗೆ ಅವನ ಬಳಿ ನಿಲ್ಲಲು ಸ್ವಲ್ಪ ಅವಕಾಶ ಸಿಕ್ಕಿತು.

"ಮೇಣದ ಡಬ್ಬಿ ತೆಗೆದೆಯಾ?" ಎಂದ ಅವನು, ನಳಿಕೆಯ ಅಡ್ಡಿಯಿಂದ ಮೂಗಿನಲ್ಲಿ.

"ತೆಗೆದೆ. ಯಾಕಣ್ಣ ಹೇಳಲಿಲ್ಲ?"

"ನೀನು ಊಟಕ್ಕೆ ಕೂತ್ರೆ ಮನೆಯೋರೆಲ್ಲ ನಿನ್ನ ಬಾಯಿ ನೋಡ್ತೀವಿ. ತುತ್ತು ಇಳೀತಾ, ಮುಖ ಕಿವುಚಿದಳಾ ಅಂತ. ನಾನೂ ನೋಡ್ತೀನಿ." ಅವನು ಉಸಿರು ತೆಗೆದುಕೊಂಡ. "ನನ್ನನ್ನ ಯಾರೂ ಹಾಗೆ ನೋಡೋದು ಬೇಡ ಅನ್ನಿಸ್ತು."

"ನೀರಾದ್ರೂ ಸರಿಯಾಗಿ ಕುಡೀಬಾರದಿತ್ತಾ?"

"ಕುಡಿದ್ರೆ ಓಡ್ಬೇಕು. ಯಂತ್ರ ಬಿಟ್ಟು ಹೋಗೋಕಾಗುತ್ತಾ?" ಮತ್ತೆ, ಒಂದು ಬಗೆಯ ಹೆಮ್ಮೆಯಿಂದ, "ನಿಂದು ಕರಗೋದು, ಪುಟ್ಟಿ. ಆ ಒಂದು ಚಮಚಕ್ಕೇ ನಿನಗೆ ಅಷ್ಟು ಗುಣ ಆಯ್ತು. ನಾನು ನಿಜವಾದ ನಾರು ತಗೊಂಡೆ," ಎಂದ.

ಅವನ ಲೆಕ್ಕ ಶಾಲೆಯಲ್ಲಿ ಎಲ್ಲರೂ ಕಲಿತ ತ್ರೈರಾಶಿ. ಇಷ್ಟು ಎಳೆಗೆ ಇಷ್ಟು ಭಾರವಾದರೆ ಅದರ ನಾಲ್ಕರಷ್ಟು ಎಳೆಗೆ ಎಷ್ಟು? ಹಗ್ಗದ ಮಟ್ಟಿಗೆ ಆ ಲೆಕ್ಕ ಬಹುಪಾಲು ಸರಿಬರುತ್ತದೆ, ಆ ಮನೆ ಅದರಿಂದಲೇ ಬಾಳಿತ್ತು. ಕರುಳು ಆ ಲೆಕ್ಕಕ್ಕೆ ಒಳಪಟ್ಟಿಲ್ಲವೆಂದು ಅವನಿಗೆ ಡಾಕ್ಟರಮ್ಮ ಹೇಳಿಯೇ ಇದ್ದರು. ಅವನು ಕೇಳಿಸಿಕೊಂಡಿದ್ದ, ನಂಬಿರಲಿಲ್ಲ.

ಗಾಡಿ ಬಂತು. ಅತ್ತಿಗೆ ಅದರ ಕಬ್ಬಿಣದ ಅಂಚು ಹಿಡಿದು ಬಾಗಿಲವರೆಗೂ ನಡೆದಳು. ಬಾಗಿಲು ಮುಚ್ಚಿದ ಮೇಲೂ ಅವಳ ಕೈ ಏನನ್ನೋ ಹಿಡಿದಂತೆಯೇ ಮಡಿಚಿಕೊಂಡಿತ್ತು.

ಸಂಜೆಯ ಬೆಳಕು ಇನ್ನೂ ಇರುವಾಗ ಡಾಕ್ಟರು ಹೊರಗೆ ಬಂದರು. "ಉಳಿದಿದ್ದಾರೆ," ಎಂದರು ಮೊದಲು. ಅನಂತರ, ಮನೆಯವರಿಗೆ ತೋರಿಸುವುದು ವಾಡಿಕೆಯೆಂದು, ನರ್ಸು ತಂದ ಸ್ಟೀಲಿನ ತಟ್ಟೆಯ ಮೇಲಿನ ಬಟ್ಟೆ ಸರಿಸಿದರು.

ಅತ್ತಿಗೆ ನೋಡಲಿಲ್ಲ. ಅಪ್ಪ ನೋಡಿದರು. ತಟ್ಟೆಯಲ್ಲಿ ಇದ್ದದ್ದು ಗೇಣುದ್ದದ ದಪ್ಪ, ಬಿರುಸಾದ ಒಂದು ತುಂಡು. ಡಾಕ್ಟರು ಅದರ ಕೊಯ್ದ ತುದಿಯನ್ನು ತೋರಿಸಿದರು. ಸುತ್ತ ಬರೀ ಗೋಡೆ. ನಡುವೆ ಸೂಜಿ ಚುಚ್ಚಿ ತೆಗೆದಂಥ ಒಂದು ಗುರುತು. ಅಪ್ಪ ಜೀವಮಾನವಿಡೀ ಹಗ್ಗದ ಕತ್ತರಿಸಿದ ತುದಿಯನ್ನು ನೋಡಿ ಅದರ ಗುಣ ಹೇಳಿದವರು. ಅವರು ಬಗ್ಗಿ, ಬಹಳ ಹೊತ್ತು ನೋಡಿದರು.

"ಇದರೊಳಗೆ ನಮ್ಮ ಸಣ್ಣ ಹುರಿಯೂ ನುಗ್ಗಲ್ಲ," ಎಂದರು. "ಇದನ್ನ ಇಟ್ಕೊಂಡು ಚಕ್ರ ತಿರುಗಿಸ್ತಿದ್ನಾ ನನ್ನ ಮಗ? ನನ್ನ ಕಣ್ಣೆದುರಿಗೆ?"

ಅಪ್ಪ ಹಿಂದೆ ಬೆಂಚು ಇದೆಯೇ ಎಂದು ನೋಡದೆ ಕುಳಿತರು. ಬೆಂಚು ಇತ್ತು.

ಊದಿದ ಕರುಳನ್ನು ಈಗಲೇ ಸೇರಿಸಿ ಹೊಲಿದರೆ ನಿಲ್ಲದೆಂದು ಅದರ ತುದಿಯನ್ನು ಹೊಟ್ಟೆಯ ಮೇಲಕ್ಕೆ ತಂದು ಚೀಲ ಕಟ್ಟಿದ್ದಾರೆಂದೂ, ಕೆಲವು ತಿಂಗಳ ಮೇಲೆ ಮತ್ತೆ ಸೇರಿಸಬಹುದೆಂದೂ ಡಾಕ್ಟರು ತಿಳಿಸಿದರು. ಕಾಯಿಲೆ ಹೋಗಿಲ್ಲ, ಅದಕ್ಕೆ ಮಾತ್ರೆ ಬೇಕು. ನಾರಿನ ಮಾತು ಆಮೇಲೆ, ದಾರಿ ಸರಿಯಾದ ಮೇಲೆ, ಡಾಕ್ಟರಮ್ಮ ಹೇಳಿದರೆ ಮಾತ್ರ.

ಮರುದಿನ ಬೆಳಗ್ಗೆ ತಂಗಿ ಹಾಸಿಗೆಯಿಂದ ಕೊಂಚ ದೂರದಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದಾಗ ಅಣ್ಣನಿಗೆ ಪೂರ್ತಿ ಎಚ್ಚರವಾಯಿತು. ಅವನು ಮೊದಲು ಕೇಳಿದ್ದು ತನ್ನ ವಿಷಯವನ್ನಲ್ಲ.

"ಹಗ್ಗ?"

"ಅಪ್ಪ ಬೆಳಗ್ಗೆ ಹೋಗಿದ್ರು. ಹಾಗೇ ಇತ್ತಂತೆ, ಒಂದು ಎಳೆ ಹರಿದಿರಲಿಲ್ವಂತೆ. ಭಾರ ಇಳಿಸಿ, ಕತ್ತಿ ತಗೊಂಡು ತುಂಡು ತುಂಡು ಮಾಡಿದ್ರು."

"ಯಾಕೆ? ಗಟ್ಟಿ ಹಗ್ಗ ಅದು."

"ನಾನೂ ಅದನ್ನೇ ಕೇಳಿದೆ. ಅಷ್ಟು ಹೊತ್ತು ಸದ್ದಿಲ್ಲದೆ ಭಾರ ಹೊತ್ತ ಹಗ್ಗವನ್ನ ಇನ್ನೊಬ್ಬರ ಕೈಗೆ ಕೊಡೋಕೆ ಧೈರ್ಯ ಬರಲ್ಲ ಅಂದ್ರು."

ಅಣ್ಣ ಛಾವಣಿ ನೋಡುತ್ತ ಮಲಗಿದ. ಅನಂತರ ಅವನ ಕೈ ಹೊದಿಕೆಯ ಅಡಿಯಲ್ಲಿ ಮೆಲ್ಲನೆ ಸರಿದು ಚೀಲವನ್ನು ಮುಟ್ಟಿತು. ಮುಟ್ಟಿದ್ದು ಏನೆಂದು ತಿಳಿದು ಅಲ್ಲಿಯೇ ನಿಂತಿತು. ತಂಗಿ ಅವನ ಮುಖವನ್ನೇ ನೋಡಿದಳು. ಅವನು ಅವಳ ಕಡೆ ತಿರುಗಲಿಲ್ಲ, ಗೋಡೆಯ ಕಡೆಗೂ ತಿರುಗಲಿಲ್ಲ.

"ಹಾಗೆ ನೋಡ್ಬೇಡ ಪುಟ್ಟಿ," ಎಂದ. "ಆ ಕಡೆ ಹೋಗಿ ಕೂತ್ಕೋ. ನಾರುತ್ತೆ."

"ನಾರಲಿ," ಎಂದು ಅವಳು ಸ್ಟೂಲನ್ನು ಹಾಸಿಗೆಯ ಪಕ್ಕಕ್ಕೆ ಎಳೆದುಕೊಂಡಳು.